ಮಕ್ಕಳಾಟ ಅಲ್ಲ ಅಂತ ಎಣಿಸಿ ನೋಡಿದವರು

'ಬುಲ್ಲಿಯಿಂಗ್' ಅನ್ನೋದಕ್ಕೆ ಕನ್ನಡದಲ್ಲಿ ಏನಂತೀವಿ? ಕೀಟಲೆ, ಚೇಷ್ಟೆ, ರೇಗಿಸೋದು, ಆಡ್ಕೊಳ್ಳೋದು, ಗೋಳು ಹೊಯ್ಕೊಳ್ಳೋದು. ಪದಗಳಿಗೇನೂ ಬರ ಇಲ್ಲ. ಆದರೆ ಇವೆಲ್ಲದರಲ್ಲೂ ಒಂಚೂರು ನಗು ಸೇರಿಕೊಂಡಿದೆ. ಐದನೇ ಕ್ಲಾಸಿನಿಂದ ಎಂಟನೇ ಕ್ಲಾಸಿನ ತನಕ ಒಬ್ಬನೇ ಹುಡುಗನನ್ನ ಅದೇ ನಾಲ್ಕು ಜನ ದಿನಾ ಕಾಡಿದರೂ ದೊಡ್ಡವರ ಬಾಯಲ್ಲಿ ಅದು 'ಮಕ್ಕಳಾಟ, ಬಿಡಿ'. ಈ ಮಾತು ನಮ್ಮೂರಿಗೆ ಮಾತ್ರ ಸೀಮಿತ ಅಲ್ಲ. 1960ರ ದಶಕದ ತನಕ ಯುರೋಪಿನಲ್ಲೂ ಹೆಚ್ಚೂಕಡಿಮೆ ಇದೇ ಕಥೆ. ಅದು ಬದಲಾಗೋಕೆ ಶುರುವಾಗಿದ್ದು ಒಂದು ಪದದಿಂದ.

ಹಗಲು ಹೊತ್ತಲ್ಲಿ ಗೂಬೆ ಕಣ್ಣಿಗೆ ಬಿದ್ದರೆ ಕಾಗೆಗಳೆಲ್ಲ ಸೇರಿ ಅದನ್ನ ಅಟ್ಟಾಡಿಸೋದನ್ನ ಹಳ್ಳಿಯಲ್ಲಿ ಬೆಳೆದವರು ನೋಡಿರ್ತೀರಿ. ಪ್ರಾಣಿ ಪಕ್ಷಿಗಳ ಈ ಥರದ ಗುಂಪುದಾಳಿ ಬಗ್ಗೆ ಕೊನ್ರಾಡ್ ಲೊರೆಂಜ್ ಅನ್ನೋ ವಿಜ್ಞಾನಿ ಬರೆದಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ 'ಮಾಬಿಂಗ್' ಅಂತಾರೆ. ಸ್ವೀಡನ್ನಿನ ವೈದ್ಯ ಪೀಟರ್ ಪೌಲ್ ಹೈನೆಮನ್ 1969ರಲ್ಲಿ ಆ ಪದವನ್ನ ಎತ್ತಿಕೊಂಡು ಬಂದು ಶಾಲೆಯ ಅಂಗಳಕ್ಕೆ ಹಚ್ಚಿದರು. ಒಂದು ಮಗುವಿನ ಮೇಲೆ ಗುಂಪು ಬೀಳೋದಕ್ಕೆ ಸ್ವೀಡನ್ನಿನಲ್ಲಿ 'ಮಾಬ್ನಿಂಗ್' ಅನ್ನೋ ಹೆಸರು ನಿಂತಿತು. ಹೆಸರು ಬಂದ ಮೇಲೆ ಪತ್ರಿಕೆಗಳಲ್ಲಿ ಚರ್ಚೆಯೂ ಬಂತು.

ಚರ್ಚೆಗೆ ಲೆಕ್ಕ ಕೊಟ್ಟವರು ಡ್ಯಾನ್ ಓಲ್ವೇಯಸ್. ಸ್ವೀಡನ್ನಿನಲ್ಲಿ ಹುಟ್ಟಿ, ಆಮೇಲೆ ನಾರ್ವೆಯ ಬೆರ್ಗನ್‌ನಲ್ಲಿ ನೆಲೆಸಿದ ಮನಃಶಾಸ್ತ್ರಜ್ಞ. 1973ರಲ್ಲಿ ಶಾಲಾ ಕಿರುಕುಳದ ಮೇಲೆ ತಮ್ಮ ಅಧ್ಯಯನದ ಪುಸ್ತಕ ತಂದರು. ಇಡೀ ಗುಂಪಿಗೆ ಇದ್ದಕ್ಕಿದ್ದಂತೆ ಹುಚ್ಚು ಹಿಡಿಯುತ್ತೆ ಅನ್ನೋ ವಾದವನ್ನ ಅವರು ಒಪ್ಪಲಿಲ್ಲ. ಅವರು ಕಂಡಿದ್ದು ಬೇರೆ: ಕಾಡೋರು ಕೆಲವರೇ, ವರ್ಷಗಟ್ಟಲೆ ಅವರೇ, ಕಾಡಿಸ್ಕೊಳ್ಳೋರೂ ಅವರೇ. ಬೇಕಂತಲೇ ಮಾಡೋದು, ಪದೇಪದೇ ಮಾಡೋದು, ತಿರುಗಿ ನಿಲ್ಲೋಕೆ ಆಗದವರ ಮೇಲೆ ಮಾಡೋದು. ಓಲ್ವೇಯಸ್ ಹೇಳಿದ ಈ ಮೂರು ಗುರುತುಗಳನ್ನ ಇವತ್ತಿಗೂ ಸಂಶೋಧಕರು ಬಳಸ್ತಾರೆ. ಸಮಬಲದ ಇಬ್ಬರು ಹುಡುಗರು ಮಣ್ಣಲ್ಲಿ ಬಿದ್ದು ಹೊಡೆದಾಡಿದರೆ ಅದು ಜಗಳ. ಇದು ಜಗಳ ಅಲ್ಲ.

ಇನ್ನೊಂದು ನಂಬಿಕೆಯನ್ನೂ ಅವರು ಅಲ್ಲಾಡಿಸಿದರು. ಕನ್ನಡಕ, ದಪ್ಪ ಮೈ, ಮಾತಿನ ಧಾಟಿ ಇಂಥವುಗಳಿಂದಲೇ ಮಕ್ಕಳು ಪೀಡನೆಗೆ ಒಳಗಾಗ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗೇನೂ ಕಾಣಲಿಲ್ಲ. ಕಾಡೋನಿಗೆ ಅದು ಸಿಕ್ಕ ನೆಪ, ಅಷ್ಟೆ. 'ನೀನು ಸ್ವಲ್ಪ ಬದಲಾಗು ಪುಟ್ಟ' ಅಂತ ಪೆಟ್ಟು ತಿಂದ ಮಗುವಿಗೇ ಬುದ್ಧಿ ಹೇಳೋ ನಮಗೆ ಇದು ಗೊತ್ತಿರಬೇಕಾದ ವಿಷಯ.

ಆದರೂ ಸರ್ಕಾರ ಎಚ್ಚೆತ್ತಿದ್ದು ಸಾವುಗಳು ಆದ ಮೇಲೆ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ 10ರಿಂದ 14 ವಯಸ್ಸಿನ ಮೂವರು ಹುಡುಗರು ಜೀವ ತೆಗೆದುಕೊಂಡರು. ಸಹಪಾಠಿಗಳ ಕಿರುಕುಳವೇ ಕಾರಣ ಇರಬೇಕು ಅಂತ ಸುದ್ದಿಯಾಯಿತು. 1983ರಲ್ಲಿ ಶಿಕ್ಷಣ ಸಚಿವಾಲಯ ದೇಶದಾದ್ಯಂತ ಅಭಿಯಾನ ಶುರುಮಾಡಿತು. ಅದರ ಮೊದಲ ಕೆಲಸ ಭಾಷಣ ಅಲ್ಲ, ಪ್ರಶ್ನೆಪತ್ರಿಕೆ. ಹೆಸರು ಬರೆಯದೆ ಉತ್ತರಿಸಿ ಅಂದಾಗ ಸುಮಾರು 1,30,000 ಮಕ್ಕಳ ಉತ್ತರ ಬಂತು. ಶೇ. 15ರಷ್ಟು ಮಕ್ಕಳು, ಅಂದರೆ ಏಳರಲ್ಲಿ ಒಬ್ಬರು, ಒಂದೋ ಕಾಡಿಸಿಕೊಳ್ತಿದ್ದರು ಇಲ್ಲವೇ ಕಾಡ್ತಿದ್ದರು. 'ನಮ್ಮ ಶಾಲೆಯಲ್ಲಿ ಅಂಥದ್ದೇನೂ ಇಲ್ಲ' ಅನ್ನೋ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಲಾಗ್ ಆಫ್ ಮಾಡಿಟ್ಟು ಎರರ್ ಇಲ್ಲ ಅಂತ ಖುಷಿಪಟ್ಟ ಹಾಗಿತ್ತು ಅಲ್ಲಿಯ ತನಕ.

ಬೆರ್ಗನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳನ್ನ ಓಲ್ವೇಯಸ್ ಎರಡೂವರೆ ವರ್ಷ ಹಿಂಬಾಲಿಸಿದರು. ಮಾಡಿದ್ದು ಸರಳ ಕೆಲಸಗಳು. ಬಿಡುವಿನ ಹೊತ್ತಲ್ಲಿ ಅಂಗಳದಲ್ಲಿ ಶಿಕ್ಷಕರು ಓಡಾಡಬೇಕು. ತರಗತಿಗೊಂದು ನಿಯಮ ಇರಬೇಕು, ಅದರ ಬಗ್ಗೆ ಮಕ್ಕಳ ಜೊತೆ ಕೂತು ಆಗಾಗ ಮಾತಾಡಬೇಕು. ಕಾಡೋ ಮಗುವನ್ನೂ ಅದರ ಅಪ್ಪ ಅಮ್ಮನನ್ನೂ ಕರೆಸಿ ಗಂಭೀರವಾಗಿ ಮಾತಾಡಬೇಕು. ಕಿರುಕುಳ ಅರ್ಧಕ್ಕರ್ಧ ಇಳಿಯಿತು.

ಇಲ್ಲೊಂದು ತಿರುವಿದೆ. ರೋಗಲಾಂಡ್ ಅನ್ನೋ ಇನ್ನೊಂದು ಪ್ರಾಂತ್ಯಕ್ಕೂ ಹೋಗಿದ್ದು ಅದೇ ಅಭಿಯಾನದ ಸಾಮಗ್ರಿ. ಮೂರು ವರ್ಷ ಬಿಟ್ಟು ನೋಡಿದರೆ ಒಟ್ಟಾರೆ ಇಳಿಕೆಯೇ ಇಲ್ಲ. ಬೆರ್ಗನ್‌ನಲ್ಲಿ ಸಂಶೋಧಕರು ಶಾಲೆಗಳ ಜೊತೆ ಸಂಪರ್ಕದಲ್ಲಿದ್ದರು, ಫಲಿತಾಂಶ ತೋರಿಸಿ ಮಾತಾಡ್ತಿದ್ದರು. ರೋಗಲಾಂಡ್‌ಗೆ ಪೆಟ್ಟಿಗೆ ಹೋಗಿತ್ತು. ಅಲ್ಲಿಯೂ ಮನಸ್ಸಿಟ್ಟು ಬಳಸಿದ ಶಾಲೆಗಳು ಉಳಿದವಕ್ಕಿಂತ ವಾಸಿ ಇದ್ದವು.

ದೊಡ್ಡವರು ಬರೀ ನೋಡ್ತಾ ನಿಂತರೆ ಏನಾಗುತ್ತೆ ಅನ್ನೋದಕ್ಕೆ ಅದೇ ಕಾಲದ ಜಪಾನ್ ನೋಡಿ. ಅಲ್ಲಿ ಇದಕ್ಕೆ 'ಇಜಿಮೆ' ಅಂತಾರೆ. 1985ರಲ್ಲಿ ಟೋಕಿಯೋದ ಒಂದು ಮಾಧ್ಯಮಿಕ ಶಾಲೆಯಲ್ಲಿ ಸಹಪಾಠಿಗಳು ಒಬ್ಬ ಹುಡುಗನಿಗೆ ತಮಾಷೆಗೆ 'ಅಂತ್ಯಸಂಸ್ಕಾರ' ಮಾಡಿದರು. ಬೀಳ್ಕೊಡುಗೆ ಕಾರ್ಡಿಗೆ ಮಕ್ಕಳ ಜೊತೆ ನಾಲ್ವರು ಶಿಕ್ಷಕರೂ ಸಹಿ ಹಾಕಿದರು. 1986ರ ಫೆಬ್ರವರಿಯಲ್ಲಿ, ಹದಿಮೂರನೇ ವಯಸ್ಸಲ್ಲಿ, ಆ ಹುಡುಗ ಜೀವ ಬಿಟ್ಟ. ಅವನ ಪಾಲಿಗೆ ಆ ನಾಲ್ಕು ಸಹಿ ಹೇಳಿದ್ದೇನು ಅಂತ ಯೋಚಿಸಿ. ಸಮಾಜಶಾಸ್ತ್ರಜ್ಞ ಮೊರಿತಾ ಯೋಜಿ ಆ ದಶಕದಲ್ಲೇ ತರಗತಿಯನ್ನ ನಾಲ್ಕು ಪದರವಾಗಿ ವಿಂಗಡಿಸಿದರು: ಕಾಡೋರು, ಕಾಡಿಸಿಕೊಳ್ಳೋರು, ನೋಡಿ ನಗೋರು, ನೋಡಿಯೂ ನೋಡದ ಹಾಗಿರೋರು. ಕಿರುಕುಳ ಬೆಳೆಯೋದೂ ನಿಲ್ಲೋದೂ ಕೊನೆಯ ಎರಡು ಪದರದಿಂದ. ಜಪಾನ್ ಇದಕ್ಕೆ ಪ್ರತ್ಯೇಕ ಕಾನೂನು ಮಾಡೋ ಹೊತ್ತಿಗೆ 2013 ಆಗಿತ್ತು. ಫಿನ್ಲೆಂಡ್ 2009ರಿಂದ ದೇಶಾದ್ಯಂತ ಹರಡಿದ 'ಕೀವಾ' ಕಾರ್ಯಕ್ರಮವೂ ಹೆಚ್ಚು ಗಮನ ಕೊಟ್ಟಿದ್ದು ಈ ನೋಡ್ತಾ ಕೂತ ಮಕ್ಕಳ ಮೇಲೆ.

ನಮ್ಮಲ್ಲಿ? 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್ ಅಪರಾಧ. ಆದರೆ ಆ ಪದ ಕೇಳಿದರೆ ನಮಗೆ ನೆನಪಾಗೋದು ಕಾಲೇಜು ಹಾಸ್ಟೆಲ್ಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದು ಅನ್ನುತ್ತೆ. ಮೀರಿದವರ ಮೇಲೆ ಸೇವಾ ನಿಯಮದ ಪ್ರಕಾರ ಕ್ರಮ. ಅಂದರೆ ಅದರ ಕಣ್ಣು ಮೇಷ್ಟ್ರ ಕೈಯ ಬೆತ್ತದ ಮೇಲೆ. ಹನ್ನೊಂದು ಹನ್ನೆರಡರ ಮಕ್ಕಳು ಒಬ್ಬರಿಗೊಬ್ಬರು ಮಾಡೋದು ಈ ಎರಡರ ನಡುವೆ ಜಾರಿಹೋಗುತ್ತೆ.

ಇವತ್ತು ಮಕ್ಕಳ ಶಾಲೆ ಆಯ್ಕೆ ಮಾಡುವಾಗ ನಾವು ಫೀಸು, ಸಿಲಬಸ್ಸು, ಸ್ವಿಮ್ಮಿಂಗ್ ಪೂಲು ಎಲ್ಲ ವಿಚಾರಿಸ್ತೀವಿ. ಸಿಸಿಟಿವಿ ಇದೆಯಾ ಅಂತಲೂ ಕೇಳ್ತೀವಿ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಇನ್ನೆರಡು ಪ್ರಶ್ನೆ ಕೇಳಿ ನೋಡಿ. ಊಟದ ಬಿಡುವಲ್ಲಿ ಮೈದಾನದಲ್ಲಿ, ಬಾತ್‌ರೂಮ್ ಹತ್ತಿರ, ಶಾಲೆ ಬಸ್ಸಿನ ಹಿಂದಿನ ಸೀಟಲ್ಲಿ ದೊಡ್ಡವರು ಯಾರಿರ್ತಾರೆ? ಹೆಸರು ಬರೆಸದೆ ಮಕ್ಕಳನ್ನ ಕೊನೆಯ ಸಲ ಕೇಳಿದ್ದು ಯಾವಾಗ? 'ನಮ್ಮಲ್ಲಿ ಅಂಥದ್ದೇನೂ ಇಲ್ಲ ಸಾರ್' ಅಂತ ಉತ್ತರ ಬಂದರೆ, ಎಣಿಸಿದ್ದೀರಾ ಅಂತ ಕೇಳಿ.