ಕಮೋಡಿನ ನೀರು ಎಲ್ಲಿ ಹೋಗ್ತದ?

ರಾತ್ರಿ ಸರಿಯಾಗಿ ನಿಂತಿದ್ದ ಕಮೋಡಿನ ನೀರು ಬೆಳಗಾಗೂದ್ರಾಗ ಎರಡು ಬೆರಳು ಇಳಿದಿರ್ತದ. ಯಾರೂ ಫ್ಲಶ್ ಮಾಡಿರೂದಿಲ್ಲ, ನೆಲಾನೂ ಒಣಗೇ ಇರ್ತದ. ಇನ್ನೊಂದು ಚೊಂಬು ನೀರು ಹಾಕಿ ಸುಮ್ಮನಾಗೂ ಮಂದಿ ಭಾಳ. ಆದ್ರ ಆ ನೀರು ಅಲ್ಲಿ ಯಾಕ ನಿಂತದ ಅನ್ನೂದು ತಿಳಕೊಂಡ್ರ, ಯಾಕ ಇಳೀತದ ಅನ್ನೂದು ತಾನಾಗೇ ತಿಳೀತದ. ಇದರ ಇತಿಹಾಸ ಓದಿದ ಮ್ಯಾಲೆ ನನಗಂತೂ ಆ ಎರಡು ಇಂಚು ನೀರಿನ ಮ್ಯಾಲೆ ಗೌರವ ಬಂತು.

ನೀರು ಹಾಕಿ ತೊಳಿಯೂ ಸಂಡಾಸವನ್ನ ಇಂಗ್ಲಂಡಿನ ಜಾನ್ ಹ್ಯಾರಿಂಗ್ಟನ್ ಅನ್ನಾಂವ 1596ರಾಗ ಪುಸ್ತಕ ಬರದು ತೋರಿಸಿದ. ಒಂದನೇ ಎಲಿಜಬೆತ್ ರಾಣಿಗೂ ಒಂದು ಮಾಡಿಸಿಕೊಟ್ಟ. ಆದ್ರ ಅದರ ಕೊಳವಿ ಸೀದಾ ಇತ್ತು. ಹೊಲಸು ಕೆಳಗ ಹೋದ ದಾರಿಯಿಂದನ ನಾತ ಮ್ಯಾಲೆ ಬರಬಹುದಿತ್ತು. ಹಿಂಗಾಗಿ ಅದು ಊರಾಗ ಹಬ್ಬಲಿಲ್ಲ.

ಮುಂದ ಸುಮಾರು 180 ವರ್ಷಕ್ಕ ಅಲೆಕ್ಸಾಂಡರ್ ಕಮ್ಮಿಂಗ್ ಬಂದ. ಅಂವಾ ಗಡಿಯಾರ ಮಾಡಾಂವ. 1775ರಾಗ ಪೇಟೆಂಟ್ ತೊಗೊಂಡು, ಕೊಳವಿನ್ನ ಹಾವಿನ್ಹಂಗ ಬಾಗಿಸಿದ. ಬಾಗಿದಲ್ಲಿ ಒಂದಿಷ್ಟು ನೀರು ಯಾವಾಗಲೂ ನಿಂತಿರ್ತದ. ಹೊಲಸು ಆ ನೀರನ್ನ ದಾಟಿ ಹೋಗ್ತದ, ಆದ್ರ ಗಟಾರದ ಗಾಳಿ ಹಿಂದಕ ಬರಲಿಕ್ಕೆ ಆಗೂದಿಲ್ಲ. ಅಂದ್ರ ಆ ನೀರನ ಬಾಗಲಾ. ಇವತ್ತಿಗೂ ನಮ್ಮ ಕಮೋಡು, ಸಿಂಕು, ಬಚ್ಚಲದ ಜಾಲರಿ ಎಲ್ಲಾದರ ಕೆಳಗ ಇದ ಉಪಾಯ ಅದ.

ಆ ಬಾಗಲಾ ಯಾವ್ಯಾವ ರೀತಿ ತೆರೀತದ ಅನ್ನೂದನ್ನ ಮಂದಿ ಕಷ್ಟಪಟ್ಟ ಕಲತರು. ಲಂಡನ್ನಿನಾಗ ಸಂಡಾಸ ಹೆಚ್ಚಾಗಿ, ಹೊಲಸೆಲ್ಲಾ ಥೇಮ್ಸ್ ನದಿಗೆ ಹೋಗಿ, 1858ರ ಬ್ಯಾಸಗಿ ನಾತಕ್ಕ ಪಾರ್ಲಿಮೆಂಟಿನಾಗೂ ಕೂಡಲಿಕ್ಕೆ ಆಗಲಿಲ್ಲ. ಆಮ್ಯಾಲೆ ಜೋಸೆಫ್ ಬ್ಯಾಝಲ್ಗೆಟ್ ದೊಡ್ಡ ಗಟಾರಗಳನ್ನ ಕಟ್ಟಿಸಿದ. ಮನಿಮನಿ ಕೊಳವಿ ಗಟಾರಕ್ಕ ಕೂಡಿದ್ವು. ಆಗ ಹೊಸಾ ತೊಂದರಿ ಕಾಣ್ತು. ಒಂದ ಕೊಳವಿಯೊಳಗ ರಭಸದಿಂದ ನೀರು ಇಳದಾಗ ಅದು ಹಿಂದ ಗಾಳಿ ಜಗ್ಗತದ, ಗಾಳಿಗೆ ಬ್ಯಾರೆ ದಾರಿ ಇಲ್ಲಂದ್ರ ಬಾಗಿನೊಳಗಿನ ನೀರನ್ನೂ ಜಗ್ಗಿಕೊಂಡು ಹೋಗ್ತದ. ಅದಕ್ಕಂತನ ಮಾಳಗಿ ಮ್ಯಾಲಿನ ತನಕ ಗಾಳಿ ಕೊಳವಿ ಇಡೂ ಪದ್ಧತಿ ಬಂತು. ನಮ್ಮ ಮನಿ ಮ್ಯಾಲೆ ಸುಮ್ಮನ ನಿಂತ್ಹಂಗ ಕಾಣೂ ಆ ಪೈಪು ಅದರ ಸಂತಾನ.

1871ರಾಗ ಇಂಗ್ಲಂಡಿನ ಯುವರಾಜ ಎಡ್ವರ್ಡ್ ಸ್ಕಾರ್ಬರೋದಾಗ ಒಬ್ಬರ ಮನ್ಯಾಗ ಇದ್ದು ಬಂದು, ಟೈಫಾಯ್ಡಿನಿಂದ ಸಾಯೂಹಂಗಾದ. ಅದ ಮನ್ಯಾಗ ಇದ್ದ ಇನ್ನೊಬ್ಬ ಜಹಗೀರದಾರ ತೀರಿಹೋದ. ಮಂದಿ ಆ ಮನಿ ಗಟಾರದ ಗಾಳೀನ ಕಾರಣ ಅಂದ್ರು. ಟೈಫಾಯ್ಡು ನಾತದಿಂದಲ್ಲ, ಕೆಟ್ಟ ನೀರು, ಆಹಾರದಿಂದ ಬರ್ತದ ಅಂತ ಈಗ ಗೊತ್ತದ. ಆದ್ರ ಆ ಅಂಜಿಕಿಯಿಂದ ಶ್ರೀಮಂತರೆಲ್ಲಾ ಮನಿ ಕೊಳವಿ ಪರೀಕ್ಷೆ ಮಾಡಿಸಲಿಕ್ಕೆ ಹತ್ತಿದರು.

ನಮ್ಮ ಕಡೆ ಈ ನೀರಿನ ಬಾಗಲಾ ಬರಲಿಕ್ಕೆ ಭಾಳ ತಡಾ ಆತು. ಅಲ್ಲಿತನಕ ಬುಟ್ಟಿ ಸಂಡಾಸ. ಹಿತ್ತಲ ಸಂದಿಯೊಳಗ ಸಣ್ಣ ಬಾಗಲಾ ತೆಗದು ಇನ್ನೊಬ್ಬರು ಅದನ್ನ ತಲಿ ಮ್ಯಾಲೆ ಹೊತಗೊಂಡು ಹೋಗಬೇಕಿತ್ತು. 1970ರ ದಶಕದಾಗ ದೇವರಾಜ ಅರಸರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ಕರ್ನಾಟಕದಾಗ ತಲಿ ಮ್ಯಾಲೆ ಮಲ ಹೊರೂದನ್ನ ನಿಷೇಧ ಮಾಡಿದರು. ಅದ ಹೊತ್ತಿನಾಗ ಬಿಹಾರದಾಗ ಬಿಂದೇಶ್ವರ ಪಾಠಕ್ ಅವರು 1970ರಾಗ ಸುಲಭ ಸಂಸ್ಥೆ ಸುರು ಮಾಡಿ, ಎರಡು ಗುಂಡಿಯ ಸಂಡಾಸ ಹಬ್ಬಿಸಿದರು. ಅದರ ಇಳಿಜಾರಿನ ಪ್ಯಾನಿನ ಕೆಳಗ ಬರೇ 20 ಮಿಲಿಮೀಟರ್ ನೀರು ನಿಲ್ತದ, ಸ್ವಲ್ಪ ನೀರು ಸುರವಿದ್ರ ಸಾಕು. ಒಬ್ಬ ಮನಷ್ಯಾನ ತಲಿ ಮ್ಯಾಲಿನ ಬುಟ್ಟಿ ಇಳಸಲಿಕ್ಕೆ ಒಂದು ಬೆರಳಿನಷ್ಟ ನೀರೂ ನೆರವಾತು ಅನ್ನೂದು ನನಗ ಎಲ್ಲಾ ರಾಜರ ಕಥಿಗಿಂತ ದೊಡ್ಡದು ಅನಸ್ತದ.

ಈ ನೀರು ಆರಿದ್ರ ಏನಾಗ್ತದ ಅನ್ನೂದನ್ನ 2003ರಾಗ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಅನ್ನೂ ದೊಡ್ಡ ವಸತಿಯೊಳಗ ಜಗತ್ತು ನೋಡ್ತು. ಅಲ್ಲಿ 300ಕ್ಕಿಂತ ಹೆಚ್ಚು ಮಂದಿಗೆ ಸಾರ್ಸ್ ಹತ್ತಿ, 42 ಮಂದಿ ತೀರಿಹೋದರು. ಬಚ್ಚಲಾ ಬರೇ ಒರಸತಿದ್ರು, ನೀರು ಸುರವತಿದ್ದಿಲ್ಲ. ನೆಲದ ಜಾಲರಿ ಕೆಳಗಿನ ಬಾಗು ಒಣಗಿತ್ತು. ಗಾಳಿ ಹೊರಗ ಹಾಕೂ ಫ್ಯಾನು ಹಚ್ಚಿದಾಗ ಕೊಳವಿಯೊಳಗಿನ ಹನಿ ಮನಿಯೊಳಗ ಬಂದ್ವು ಅಂತ ತನಿಖೆ ಮಾಡಿದವರು ಹೇಳಿದರು.

ಈಗ ನಮ್ಮ ಕಮೋಡಿಗೆ ಬರೂಣು. ನೀರು ಮೂಲ ಮಟ್ಟದಾಗಿದ್ದಾಗ ಪೆನ್ಸಿಲಿನಿಂದ ಗೆರಿ ಹೊಡೀರಿ. ತೊಟ್ಟಿಗೆ ಬರೂ ನಳಾ ಬಂದ ಮಾಡಿ, ಆ ಸಂಡಾಸ ಯಾರೂ ಬಳಸದ್ಹಂಗ ನೋಡಿಕೊಳ್ರಿ.

ಫ್ಲಶ್ ಮಾಡಿದಾಗ ಇಲ್ಲಾ ಮ್ಯಾಲಿನ ಮನಿಯವರು ನೀರು ಬಿಟ್ಟಾಗ ಗುಳು ಗುಳು ಸಪ್ಪಳಾಗಿ ಒಮ್ಮೆಲೇ ಇಳದ್ರ, ಅದು ಲಂಡನ್ನಿನ ಹಳೇ ರೋಗ. ಗಾಳಿ ಪೈಪು ಕಟ್ಟಿರ್ತದ, ಗುಬ್ಬಿ ಗೂಡು ಇಲ್ಲಾ ಕಸಾ ಅದ ಏನ ನೋಡಸ್ರಿ.

ಸಪ್ಪಳಿಲ್ಲದ ತಾಸುಗಟ್ಟಲೆ ನಿಧಾನಕ ಇಳದ್ರ ಎರಡು ಕಾರಣ. ಒಂದು, ದಾರಾ, ಕೂದಲಾ ಇಲ್ಲಾ ಅರಬಿ ತುಂಡು ಬಾಗಿನ ಏರಿ ಮ್ಯಾಲೆ ಸಿಕ್ಕಿರ್ತದ. ದೀಪದ ಬತ್ತಿ ಎಣ್ಣಿ ಎಳೀತದಲ್ಲ, ಹಂಗ ಅದು ನೀರು ಎಳದು ಆ ಕಡೆ ತೊಟ್ಟಿಕ್ಕಸ್ತದ. ಕೊಂಡಿ ಮಾಡಿದ ತಂತಿ ಹಾಕಿ ತಿರವಿ, ಒಂದ ಸಲಕ್ಕ ಒಂದು ಬಕೀಟು ನೀರು ಸುರವ್ರಿ. ಆಮ್ಯಾಲೆ ಇಳೀಲಿಲ್ಲಂದ್ರ ಕಳ್ಳ ಸಿಕ್ಕಂಗ.

ಎರಡನೇದು, ಪಿಂಗಾಣಿ ಸೀಳಿರ್ತದ. ಸ್ವಚ್ಛ ಮಾಡಿದ ಮ್ಯಾಲೂ ಪ್ರತಿ ಸಲಾ ಅದ ಗುರುತಿಗೆ ಬಂದು ನಿಂತ್ರ ಇದರ ಸಂಶಯ ತೊಗೋರಿ. ಒಳಗೋಡಿ ಸೀಳಿದ್ರ ನೀರು ಗಟಾರಕ್ಕ ಹೋಗ್ತದ, ನೆಲಾ ಒಣಗೇ ಇರ್ತದ. ಹೊರಗ ಸೀಳಿದ್ರ ನೀರಿಗೆ ನೀಲಿ ಹಾಕಿದಾಗ ಬುಡದಾಗ ಕಲೆ ಕಾಣಸ್ತದ. ಸೀಳಿದ ಪಿಂಗಾಣಿಗೆ ಮೆತ್ತೂದು ಉಳಿಯೂದಿಲ್ಲ, ಬದಲಿಸಬೇಕು.

ವಾರಗಟ್ಟಲೆ ಬಳಸದ ಸಂಡಾಸದ ನೀರು ಇಳದಿದ್ರ ಮಾತ್ರ ಅದು ಆರಿದ್ದು. ಊರಿಗೆ ಹೋಗೂ ಮುಂದ ಬಾಗಿನೊಳಗ ನೀರು ತುಂಬಿಸಿ ಹೋಗ್ರಿ, ಬಂದ ಕೂಡಲೇ ಫ್ಯಾನು ಹಚ್ಚೂಕಿಂತ ಮೊದಲ ಎಲ್ಲಾ ಬಚ್ಚಲಕ್ಕೂ ಒಂದೊಂದು ತಂಬಗಿ ಹಾಕ್ರಿ. ಪಾವಣ್ಯಾರ ಕೋಣಿ ಬಚ್ಚಲಾ ಮರೀಬ್ಯಾಡ್ರಿ, ಒಣಗೂದು ಅದ ಮೊದಲು.