ಪೆಟ್ಟಿಗೆಯ ಮೇಲಿನ ಬಣ್ಣ

ಮನೆಯಲ್ಲಿರುವ ಮರದ ಸಾಮಾನುಗಳ ಹೆಸರುಗಳನ್ನು ಸಾಲಾಗಿ ಹೇಳುತ್ತಾ ಹೋದರೆ ಅವು ನಮ್ಮಲ್ಲಿಗೆ ಬಂದ ದಾರಿ ಅರ್ಧದಷ್ಟು ತಿಳಿದುಬಿಡುತ್ತದೆ. ಮಣೆ, ಪೆಟ್ಟಿಗೆ, ತೊಟ್ಟಿಲು ನಮ್ಮವೇ. ಮಂಚ ಸಂಸ್ಕೃತದ್ದು. ಕಪಾಟು ಕೂಡಾ ಸಂಸ್ಕೃತದ್ದೇ, ಆದರೆ ಅಲ್ಲಿ ಅದಕ್ಕೆ ಬಾಗಿಲು ಎಂಬ ಅರ್ಥ. ಕುರ್ಚಿ ಅರಬಿ ಭಾಷೆಯ ಕುರ್ಸಿ. ಆಯತುಲ್ ಕುರ್ಸಿ ಓದುವವರಿಗೆ ಈ ಪದದ ಪರಿಚಯ ಬೇರೆಯಾಗಿ ಮಾಡಿಕೊಡಬೇಕಿಲ್ಲ. ಸಂದೂಕವೂ ಅರಬಿಯಿಂದಲೇ ಬಂದಿದೆ. ಅಲ್ಮಾರಿಯು ಪೋರ್ಚುಗೀಸರ ಅರ್ಮಾರಿಯೊ. ಬೀರು ಯುರೋಪಿನ ಬ್ಯೂರೋ. ಮೇಜಿನ ಮೂಲವನ್ನು ಕೆಲವರು ಪರ್ಷಿಯನ್ ಭಾಷೆಯಲ್ಲಿ ಹುಡುಕಿದರೆ ಇನ್ನು ಕೆಲವರು ಪೋರ್ಚುಗೀಸಿನಲ್ಲಿ ಹುಡುಕುತ್ತಾರೆ.

ಈ ಪಟ್ಟಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಕೂರಲು ಒಂದು, ಉಣ್ಣಲು ಒಂದು, ಬಟ್ಟೆಗೆ ಒಂದು ಎಂದು ಬೇರೆ ಬೇರೆ ಪೀಠೋಪಕರಣ ಇಟ್ಟುಕೊಳ್ಳುವ ರೂಢಿ ನಮ್ಮ ಸಾಮಾನ್ಯ ಮನೆಗಳಿಗೆ ಈಚಿನದು. ಚಾಪೆ ಹಾಸಿದರೆ ಮಲಗುವ ಕೋಣೆ, ಸುತ್ತಿಟ್ಟರೆ ಊಟದ ಕೋಣೆ. ಇದ್ದ ನಾಲ್ಕಾರು ಮರದ ಸಾಮಾನುಗಳೂ ಒಂದೇ ಕೆಲಸಕ್ಕೆ ಮೀಸಲಾಗಿರಲಿಲ್ಲ. ಕರಾವಳಿಯ ಬೇಸಾಯದ ಮನೆಗಳಲ್ಲಿದ್ದ ಪತ್ತಾಯವನ್ನೇ ನೋಡಿ. ಹಲಸಿನ ಅಗಲವಾದ ಹಲಗೆಗಳಿಂದ ಮಾಡಿದ, ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ ಅದು. ಒಳಗೆ ವರ್ಷದ ಕೂಳು. ಮುಚ್ಚಳದ ಮೇಲೆ ಚಾಪೆ ಹಾಸಿದರೆ ಮನೆಯ ಹಿರಿಯನ ಹಾಸಿಗೆ. ಕಾವಲೂ ಆಯಿತು, ನಿದ್ದೆಯೂ ಆಯಿತು. 1974ರ ಭೂಸುಧಾರಣೆಯ ಬಳಿಕ ಗೇಣಿಯ ಭತ್ತ ಬರುವುದು ನಿಂತಿತು. ಮುಂದೆ ಗದ್ದೆಗಳೇ ಅಡಿಕೆ ತೋಟಗಳಾಗಿ, ನಿವೇಶನಗಳಾಗಿ ಬದಲಾದವು. ಆಗ ಪತ್ತಾಯ ಖಾಲಿಯಾಯಿತು. ಆದರೂ ಅದನ್ನು ಯಾರೂ ಒಲೆಗೆ ಹಾಕಲಿಲ್ಲ. ಅದರ ಹಲಗೆಗಳು ಎಷ್ಟೋ ಮನೆಗಳಲ್ಲಿ ಮಂಚವಾದವು, ಅಟ್ಟವಾದವು, ಮಕ್ಕಳು ಓದುವ ಮೇಜಾದವು. ಇದಕ್ಕೆ ಮರುಬಳಕೆ ಎಂಬ ಹೆಸರು ಆಗ ಇರಲಿಲ್ಲ. ಮರ ಗಟ್ಟಿಯಿದೆ, ಬಿಸಾಡುವುದು ಹೇಗೆ ಎಂಬ ಸರಳ ಲೆಕ್ಕಾಚಾರ ಮಾತ್ರ ಇತ್ತು.

ಹಳೆಯ ಬಡಗಿಗಳ ಕೆಲಸವೂ ಇದಕ್ಕೆ ಒತ್ತಾಸೆಯಾಗಿತ್ತು. ಮೊಳೆಯನ್ನು ಕಡಿಮೆ ಬಳಸಿ, ತೂತು ಕೊರೆದು ಗೂಟ ಸೇರಿಸಿ ಜೋಡಿಸಿದ ಮಂಚವನ್ನು ಬಿಚ್ಚಬಹುದು, ಸಾಗಿಸಬಹುದು, ಮತ್ತೆ ಕಟ್ಟಬಹುದು, ಕಾಲು ಮುರಿದರೆ ಕಾಲನ್ನಷ್ಟೇ ಬದಲಿಸಬಹುದು. ಇಂದಿನ ಹೊಟ್ಟಿನ ಹಲಗೆಯ ಕಪಾಟು ಎರಡು ಸಲ ಮನೆ ಬದಲಾಯಿಸುವಷ್ಟರಲ್ಲಿ ಸ್ಕ್ರೂ ಹಿಡಿಯದೆ ಸಡಿಲವಾಗುತ್ತದೆ. ಒಮ್ಮೆ ನೆನೆದರಂತೂ ಉಬ್ಬಿ ಹೋಯಿತು; ಆಮೇಲೆ ಅದಕ್ಕೆ ಎರಡನೇ ಬದುಕು ಇಲ್ಲ.

ನಮ್ಮ ಕಡಲ ಚರಿತ್ರೆಯಲ್ಲಿ ಹೀಗೆ ಕೆಲಸ ಬದಲಿಸುತ್ತಾ ದೇಶ ಸುತ್ತಿದ ಸಾಮಾನು ಎಂದರೆ ಹಿತ್ತಾಳೆ ಮೊಳೆಗಳ ಪೆಟ್ಟಿಗೆ. ಕೊಲ್ಲಿ ದೇಶಗಳಲ್ಲಿ ಇದನ್ನು ಮಂದೂಸ್ ಎನ್ನುತ್ತಾರೆ. ಒಮಾನ್, ಕುವೈತ್, ಜಾಂಜಿಬಾರ್‌ಗಳ ಹೆಸರು ಹೊತ್ತ ಹಳೆಯ ಪೆಟ್ಟಿಗೆಗಳಲ್ಲಿ ಅನೇಕವು ತಯಾರಾದದ್ದು ಸೂರತ್ತಿನಲ್ಲಿ ಮತ್ತು ಮಲಬಾರ್ ತೀರದಲ್ಲಿ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮತ್ತು ತೇಗದ ಮರ, ಮೇಲೆ ಹಿತ್ತಾಳೆಯ ಮೊಳೆಗಳಿಂದ ಬಿಡಿಸಿದ ಚಿತ್ತಾರ, ಕೆಳಗೆ ಎರಡು ಮೂರು ಸಣ್ಣ ಖಾನೆಗಳು. ಹಾಯಿ ಹಡಗುಗಳಲ್ಲಿ ನಾವಿಕರ, ವ್ಯಾಪಾರಿಗಳ ಸಾಮಾನು ಹೊತ್ತು ಹೋದ ಈ ಪೆಟ್ಟಿಗೆಗಳು ಅರಬ್ ಮನೆಗಳಲ್ಲಿ ಮದುಮಗಳ ಪೆಟ್ಟಿಗೆಗಳಾದವು. ಅವಳ ಬಟ್ಟೆ, ಒಡವೆ, ಸುಗಂಧ ಎಲ್ಲವೂ ಅದರೊಳಗೆ. ಬಟ್ಟೆಯ ಕಪಾಟು ಬಂದ ಮೇಲೆ ಅಲ್ಲಿಯೂ ಪೆಟ್ಟಿಗೆಗೆ ಕೆಲಸ ತಪ್ಪಿತು. ಈಗ ಅದು ಅತಿಥಿಗಳ ಕೋಣೆಯಲ್ಲಿ ಕಾಫಿ, ಖರ್ಜೂರ ಇಡುವ ಮೇಜು. ಎಪ್ಪತ್ತರ ದಶಕದಿಂದ ಭಟ್ಕಳ, ಮಂಗಳೂರು ಕಡೆಯ ಸಾವಿರಾರು ಮಂದಿ ಕೊಲ್ಲಿಗೆ ದುಡಿಯಲು ಹೋದರು. ತಮ್ಮ ಘಟ್ಟದ ಮರ ತಮಗಿಂತ ಎಷ್ಟೋ ಮೊದಲೇ ಅಲ್ಲಿಗೆ ವಲಸೆ ಹೋಗಿ ನೆಲೆಸಿತ್ತೆಂದು ಅವರಲ್ಲಿ ಎಷ್ಟು ಜನರಿಗೆ ಹೊಳೆದಿರಬಹುದು?

ಇನ್ನು ಬಣ್ಣದ ವಿಚಾರಕ್ಕೆ ಬರೋಣ. ಹಳೆಯ ಮರಕ್ಕೆ ಬಣ್ಣ ಹಚ್ಚುವುದು ಪಾಪ, ಅಸಲಿ ಪಾಲಿಶ್ ಉಳಿಸಬೇಕು ಎಂಬ ಮಾತನ್ನು ಇಂದು ಆಗಾಗ ಕೇಳುತ್ತೇವೆ. ಚರಿತ್ರೆ ಮಾತ್ರ ಬೇರೆಯೇ ಹೇಳುತ್ತದೆ. ನಮ್ಮ ನಾಡಿನಲ್ಲಿ ಮರಕ್ಕೆ ಬಣ್ಣ ಬಹಳ ಹಿಂದಿನಿಂದಲೂ ಇತ್ತು ಮತ್ತು ಅದರ ಜೀವಾಳ ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ರೆಂಬೆಗಳ ಮೇಲೆ ಸಣ್ಣ ಕೀಟವೊಂದು ಸ್ರವಿಸುವ ಅಂಟು ಇದು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕಥೆ ಎಲ್ಲರಿಗೂ ಗೊತ್ತು. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡು ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಬಳಿಕ ಒಣಗಿದ ಎಲೆಯಿಂದ ಉಜ್ಜಿದರೆ ಹೊಳಪು. ಟಿಪ್ಪುವಿನ ಪೋಷಣೆಯೊಂದಿಗೆ ಜನ ನೆನೆಯುವ ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಇಂದು ನಾವು ಅದನ್ನು ಗೊಂಬೆಗಳಿಂದ ಗುರುತಿಸುತ್ತೇವೆ. ಆದರೆ ಮಂಚದ ಕಾಲು, ತೊಟ್ಟಿಲ ಗೂಟಗಳಿಗೆ ಹೀಗೆ ಅರಗು ಕೂರಿಸುವ ಕೆಲಸ ದೇಶದ ಹಲವು ಕಡೆ ನಡೆಯುತ್ತಿತ್ತು.

ಉತ್ತರ ಕರ್ನಾಟಕದಲ್ಲಿ ಕಲಘಟಗಿಯ ತೊಟ್ಟಿಲು ಮನೆಮಾತು. ತೇಗದ ಮರದ ಮೇಲೆ ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಬಳ್ಳಿ, ಹೂವು, ಪುರಾಣದ ಚಿತ್ರಗಳು. ತವರಿನವರು ಚೊಚ್ಚಲ ಬಾಣಂತಿಯೊಂದಿಗೆ ಕಳಿಸುವ ತೊಟ್ಟಿಲು ಒಂದು ಮಗುವಿಗೆ ಮುಗಿಯುವುದಿಲ್ಲ. ಅಕ್ಕನ ಮಕ್ಕಳು, ತಮ್ಮನ ಮಕ್ಕಳು, ನೆರೆಮನೆಯ ಕೂಸು, ಆಮೇಲೆ ಮೊಮ್ಮಕ್ಕಳು ಎಂದು ಮೂರು ನಾಲ್ಕು ತಲೆಮಾರು ಅದು ತೂಗುತ್ತದೆ. ಕೂಸುಗಳ ನಡುವಿನ ವರ್ಷಗಳಲ್ಲಿ ಅಟ್ಟ ಸೇರುತ್ತದೆ. ಇಳಿಸಿದಾಗ ಮಾಸಿದ ಕಡೆ ಬಣ್ಣ ಹಚ್ಚುತ್ತಾರೆ. ಕೊಪ್ಪಳದ ಕಿನ್ನಾಳದಲ್ಲೂ ಚಿತ್ರಗಾರರು ಬಣ್ಣದ ಗೊಂಬೆಗಳ ಜೊತೆ ತೊಟ್ಟಿಲು, ಮಣೆಗಳನ್ನು ಮಾಡಿಕೊಂಡು ಬಂದಿದ್ದಾರೆ. ಮರದ ಸಹಜ ಬಣ್ಣವೇ ಶ್ರೇಷ್ಠ ಎಂದು ಈ ಕಸುಬುದಾರರಿಗೆ ಅನಿಸಿದ್ದಿಲ್ಲ.

ಮರದ ಎಳೆ ಕಾಣುವಂತೆ ಹೊಳೆಸುವ ಫ್ರೆಂಚ್ ಪಾಲಿಶ್ ಬಂದದ್ದು ಹತ್ತೊಂಬತ್ತನೇ ಶತಮಾನದ ಯುರೋಪಿನಿಂದ, ದೊರೆಗಳ ಬಂಗಲೆಗಳ ಮೂಲಕ. ತಮಾಷೆಯೆಂದರೆ ಅದರ ಮೂಲವಸ್ತುವೂ ನಮ್ಮ ಅರಗೇ. ಹಪ್ಪಳದಂತೆ ತೆಳುವಾಗಿ ಎಳೆದು ಚೂರು ಮಾಡಿದ ಅರಗು ಇಲ್ಲಿಂದ ಹಡಗೇರಿ ಹೋಗಿ, ಸ್ಪಿರಿಟ್ಟಿನಲ್ಲಿ ಕರಗಿ, ಫ್ರೆಂಚ್ ಎಂಬ ಹೆಸರು ಹೊತ್ತು ಮರಳಿತು. ಗ್ರಾಮಫೋನ್ ತಟ್ಟೆಗಳನ್ನೂ ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಇದೇ ಅರಗಿನಿಂದ ಮಾಡುತ್ತಿದ್ದರು.

ಕನ್ನಡ ನಾಡಿನಲ್ಲಿ ಈ ಕಥೆಗೆ ಒಂದು ವಿಳಾಸವೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಕಾಡಿನ ಅರಗನ್ನು ಬಳಸಿ ಬಣ್ಣ, ವಾರ್ನಿಷ್, ಮುದ್ರೆಯ ಅರಗು ತಯಾರಿಸುವುದು ಉದ್ದೇಶ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಪೂರೈಸುತ್ತಾ ಬಂದದ್ದು ಈ ಕಾರ್ಖಾನೆಯೇ. 1989ರಲ್ಲಿ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಾಯಿತು. ಹೆಸರಿನಲ್ಲಿದ್ದ ಅರಗು ಬಿಟ್ಟುಹೋಯಿತು. ಅಷ್ಟರಲ್ಲಿ ಮನೆಗಳಿಂದಲೂ ಅದು ಬಹುಮಟ್ಟಿಗೆ ಹೊರಟುಹೋಗಿತ್ತು. ಅದರ ಜಾಗಕ್ಕೆ ಡಬ್ಬಿಯ ಎನಾಮೆಲ್ ಪೇಂಟ್ ಬಂದಿತ್ತು. ಹಬ್ಬ, ಮದುವೆ ಬಂದಾಗ ಕಿಟಕಿಗೆ ತಂದ ಹಸಿರು ಉಳಿದರೆ ಅದು ಕುರ್ಚಿಗೆ. ಬಾಗಿಲಿಗೆ ತಂದ ಕಂದು ಉಳಿದರೆ ಅದು ಪೆಟ್ಟಿಗೆಗೆ.

ಈ ಎರಡು ಲೇಪಗಳ ಸ್ವಭಾವ ಬೇರೆ ಬೇರೆ. ಅರಗಿನ ಪಾಲಿಶ್ ಮೇಲೆ ಹೊಸ ಅರಗು ಹಚ್ಚಿದರೆ ಅದರಲ್ಲಿರುವ ಸ್ಪಿರಿಟ್ ಹಳೆಯದನ್ನು ಕರಗಿಸಿ ಎರಡೂ ಒಂದಾಗುತ್ತವೆ. ಬಿಸಿ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತದೆ ನಿಜ, ಆದರೆ ರಿಪೇರಿ ಸುಲಭ. ಎನಾಮೆಲ್ ಹಾಗಲ್ಲ. ಒಂದರ ಮೇಲೊಂದು ಪದರವಾಗಿ ಕೂತು, ವರ್ಷಗಳು ಕಳೆದಂತೆ ಹಪ್ಪಳಿಕೆಯಾಗಿ ಏಳುತ್ತದೆ. ಹಳೆಯ ಪೆಟ್ಟಿಗೆಯ ಮೂಲೆಯಲ್ಲಿ ಬಣ್ಣ ಎದ್ದ ಕಡೆ ನೋಡಿದರೆ ನೀಲಿ, ಅದರಡಿ ಹಸಿರು, ಅದರಡಿ ಕಾವಿ ಹೀಗೆ ಆ ಮನೆಯ ಮದುವೆಗಳನ್ನೇ ಎಣಿಸಬಹುದು.

ಹಾಗಾದರೆ ಅಸಲಿ ಪಾಲಿಶಿನ ಹಟ ಎಲ್ಲಿಂದ ಬಂತು? ಬಹುಪಾಲು ಅಂಗಡಿಯಿಂದ. ಹೆಂಚಿನ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವ ಭರದಲ್ಲಿ, ಕೂಡುಕುಟುಂಬಗಳು ಪಾಲಾಗುವ ಗಡಿಬಿಡಿಯಲ್ಲಿ, ಹಳೆಯ ಮರವನ್ನು ಕೇಳುವವರಿರಲಿಲ್ಲ. ಅದು ಕೊಚ್ಚಿಯ ಮಟ್ಟಂಚೇರಿಗೆ, ಚೆಟ್ಟಿನಾಡಿನ ಕಾರೈಕುಡಿಗೆ ಲಾರಿಗಳಲ್ಲಿ ಹೋಯಿತು. ಅಲ್ಲಿ ಅದಕ್ಕೆ ಪುರಾತನ ವಸ್ತು ಎಂಬ ಹೆಸರು ಸಿಕ್ಕಿತು, ಬೆಲೆ ಏರಿತು. ಅಂಗಡಿಯವನಿಗೆ ಅಜ್ಜಿ ಹಚ್ಚಿಸಿದ ಹಸಿರು ಬಣ್ಣ ನಷ್ಟದ ಬಾಬ್ತು. ಕಾಡು ಕಡಿಯುವುದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1996ರ ಸುಪ್ರೀಂ ಕೋರ್ಟ್ ಆದೇಶಗಳು ಕಡಿವಾಣ ಹಾಕಿದ ಮೇಲೆ ಹಳೆಯ ಬೀಟೆ, ತೇಗಗಳಿಗೆ ಬೇಡಿಕೆ ಇನ್ನೂ ಹೆಚ್ಚಿತು. 2017ರಲ್ಲಿ ಬೀಟೆಯ ಇಡೀ ಕುಲವೇ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿತು. ಮಣಿಪಾಲದ ವಿಜಯನಾಥ ಶೆಣೈ ಅಂಥವರು ಕೆಡವುತ್ತಿದ್ದ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಂಡ ಅವರ ಈ ಕೆಲಸ ಇಲ್ಲದಿದ್ದರೆ ಆ ಮನೆಗಳ ಒಂದು ಕಂಬವೂ ಉಳಿಯುತ್ತಿರಲಿಲ್ಲವೇನೋ. ಆದರೆ ಎಲ್ಲ ಮನೆಯೂ ಮ್ಯೂಸಿಯಂ ಆಗಲಾರದು, ಆಗಬೇಕಾಗಿಯೂ ಇಲ್ಲ.

ಹಳೆಯ ಸಾಮಾನು ಮನೆಯಿಂದ ಹೊರಬೀಳಲು ಇನ್ನೊಂದು ಕಾರಣವಿದೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಗೋದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಬೀರು ತಯಾರಿಸತೊಡಗಿತು. ಕಾಲಕ್ರಮದಲ್ಲಿ ಬೀರು, ಮಂಚ, ಕನ್ನಡಿಯ ಮೇಜು ಮದುಮಗಳ ಜೊತೆ ಬರಲೇಬೇಕಾದ ಸಾಮಾನುಗಳಾದವು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇದನ್ನು ತಡೆಯಲಿಲ್ಲ, ಏಕೆಂದರೆ ಇದಕ್ಕೆ ಉಡುಗೊರೆ ಎಂಬ ಹೆಸರಿತ್ತು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಇಲ್ಲಿ ಇಲ್ಲ. ಮಗಳ ಕೋಣೆಗೆ ಹೊಸ ಸೆಟ್ ಕೊಡಲು ತಂದೆ ಸಾಲ ಮಾಡುತ್ತಾನೆ. ಆ ಸೆಟ್ಟಿಗೆ ಜಾಗ ಮಾಡಲು ಅತ್ತೆಯ ಗಟ್ಟಿ ಮಂಚ ಹಟ್ಟಿ ಸೇರುತ್ತದೆ. ಹಳೆಯ ಮಂಚಕ್ಕೆ ಬಣ್ಣ ಹಚ್ಚಿ ಹೊಸ ಜೋಡಿಗೆ ಕೊಟ್ಟರೆ ಎರಡು ಮನೆಗಳ ಭಾರ ಇಳಿಯುತ್ತಿತ್ತು.

ಬದಲಾದ ಬಳಕೆಯೆಲ್ಲ ಮೆಚ್ಚತಕ್ಕದ್ದು ಎಂದೇನೂ ಅಲ್ಲ. ಕಾಲಿನಲ್ಲಿ ತುಳಿಯುವ ಸಿಂಗರ್, ಉಷಾ ಹೊಲಿಗೆ ಯಂತ್ರಗಳ ಕಬ್ಬಿಣದ ಅಡಿಗಳು ಈಗ ಹೋಟೆಲುಗಳಲ್ಲಿ ಕಾಫಿ ಮೇಜುಗಳಾಗಿವೆ. ವಿಧವೆಯರು, ಬೀಡಿ ಕಟ್ಟಿ ಸಾಕಾದ ಹೆಣ್ಣುಮಕ್ಕಳು ಅದೇ ಯಂತ್ರ ತುಳಿದು ಸಂಸಾರ ಸಾಗಿಸಿದ್ದರು. ಇನ್ನೂ ಓಡುವ ಯಂತ್ರವಾದರೆ ಹೊಲಿಯುವವರಿಗೆ ಕೊಡುವುದು ಲೇಸು. ಹಾಗೆಯೇ ಒಳ್ಳೆಯ ಕೆತ್ತನೆಯ ಬೀಟೆಯ ಸಾಮಾನಿಗೆ ಬಣ್ಣ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಹಲಸು, ಕಾಡುಮರದ ಸಾದಾ ಕಪಾಟಿಗೆ ಅಂಥ ಮಡಿವಂತಿಕೆ ಬೇಕಿಲ್ಲ.

ಬಣ್ಣ ಹಚ್ಚುವ ಮೊದಲು ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಳೆಯ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಹಸಿರುಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಕಬ್ಬಿಣಕ್ಕೆ ಮೊದಲ ಕೋಟಾಗಿ ಹಚ್ಚುತ್ತಿದ್ದ ಕೆಂಪು ಬಣ್ಣದಲ್ಲಂತೂ ಸೀಸವೇ ಮುಖ್ಯ. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಇಷ್ಟು ಪ್ರಮಾಣ ಸುರಕ್ಷಿತ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಈ ಬಗ್ಗೆ ದೇಶವನ್ನು ಎಚ್ಚರಿಸಲು ವರ್ಷಗಟ್ಟಲೆ ಶ್ರಮಿಸಿದವರು. ಮನೆಯ ಬಣ್ಣಗಳ ಸೀಸವನ್ನು ಅಮೆರಿಕ 1978ರಲ್ಲಿ ನಿಷೇಧಿಸಿತು. ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಮ್ಮ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಆ ನಂತರವೂ ಕೆಲವು ಸಣ್ಣ ತಯಾರಕರ ಡಬ್ಬಿಗಳಲ್ಲಿ ಹೆಚ್ಚಿನ ಸೀಸ ಪತ್ತೆಯಾಗಿದೆ.

ಆದ್ದರಿಂದ ಹಳೆಯ ಬಣ್ಣವನ್ನು ಒಣ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿ ಹಿಡಿದು ಸುಡಬಾರದು. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯದೆ, ಒರೆಸಿ, ಅದರ ಮೇಲೆಯೇ ಸೀಸವಿಲ್ಲದ ಹೊಸ ಬಣ್ಣ ಹಚ್ಚುವುದು ಲೇಸು. ಎದ್ದ ಕಡೆ ನೀರು ಹಚ್ಚಿ ಒದ್ದೆಯಾಗಿಯೇ ತೆಗೆದು, ಚೂರುಗಳನ್ನು ಕಟ್ಟಿ ಬಿಸಾಡಬೇಕು. ಮಕ್ಕಳು, ಬಸುರಿಯರು ಆ ಜಾಗದಲ್ಲಿರಬಾರದು. ಯಾವ ಲೇಪವೆಂದು ತಿಳಿಯದಿದ್ದರೆ ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿ. ಅಂಟಂಟಾಗಿ ಕರಗಿ ಬಂದರೆ ಅರಗು, ಬರದಿದ್ದರೆ ಎಣ್ಣೆ ಬಣ್ಣ ಇರಬಹುದು. ಪೆಟ್ಟಿಗೆ, ಕಪಾಟುಗಳಿಗೆ ಇಷ್ಟು ಸಾಕು. ತೊಟ್ಟಿಲಿನ ಮಾತು ಬೇರೆ. ಹಲ್ಲು ಬರುವ ಕೂಸು ಅದರ ಅಂಚನ್ನೇ ಕಚ್ಚುತ್ತದೆ, ಮೇಲೆ ಹೊಸ ಬಣ್ಣವಿದ್ದರೂ ಕೆಳಗಿನ ಪದರ ಬಾಯಿಗೆ ಸಿಗುತ್ತದೆ. ಅಟ್ಟದಿಂದ ಇಳಿಸಿದ ತೊಟ್ಟಿಲಿಗೆ ಎಂದೋ ಎನಾಮೆಲ್ ಬಳಿದಿದ್ದರೆ, ಪರೀಕ್ಷೆ ಮಾಡಿಸುವವರೆಗೆ ಕೂಸನ್ನು ಸೀರೆಯ ಜೋಳಿಗೆಯಲ್ಲೇ ತೂಗಬಹುದು.