ಬೆಳೆ ವಿಮೆ: ‘ಕಟ್ಟಿದ್ದು ಇಷ್ಟು, ಕೊಟ್ಟಿದ್ದು ಇಷ್ಟೇ’ ಎಂಬ ಲೆಕ್ಕ ಸಾಕೇ?

ಬೆಳೆ ವಿಮೆ ಹಣ ಜಮೆಯಾಗುವ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲೆಕ್ಕ ಓಡಾಡುತ್ತದೆ: ಜಿಲ್ಲೆಯಿಂದ ಕಂಪನಿಗೆ ಹೋದದ್ದು ಇಷ್ಟು ಕೋಟಿ, ರೈತರಿಗೆ ಬಂದದ್ದು ಇಷ್ಟು ಕೋಟಿ. ಈ ಎರಡು ಅಂಕಿಗಳಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ? ನೋಡೋಣ.

ವಿಮೆ ಹೇಗೆ ನಡೆಯುತ್ತದೆ?

ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗ 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲೇ ಶುರುವಾಯಿತು. ಈಗಿನ ಮರುವಿನ್ಯಾಸಗೊಂಡ ಯೋಜನೆ 2016ರದ್ದು. ಶಿರಸಿ ತಾಲ್ಲೂಕಿನ ಎಕ್ಕಂಬಿ ಸುತ್ತಮುತ್ತಲ ಅಡಿಕೆ ಬೆಳೆಗಾರರಿಗೂ ಅನ್ವಯಿಸುವುದು ಇದೇ. ಈಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1.28 ಲಕ್ಷ ರೂಪಾಯಿ ವಿಮೆ. ರೈತರ ಪಾಲು ಶೇ 5, ಅಂದರೆ 6,400 ರೂಪಾಯಿ. ಗುಂಟೆಗೆ ಸುಮಾರು 65. ಉಳಿದ ಕಂತು ಸರ್ಕಾರಗಳದ್ದು.

ಇಲ್ಲಿ ಪರಿಹಾರ ತೀರ್ಮಾನವಾಗುವುದು ಮುಖ್ಯವಾಗಿ ಮಳೆಮಾಪಕದ ದಾಖಲೆಯಿಂದ. ತೋಟದಲ್ಲಿ ಕೊಳೆ ರೋಗ ಬಂದ ಫೋಟೋ ಕಳಿಸಿದರೆ ಸಾಲದು.

ಸರಾಸರಿ ಏನನ್ನು ಮುಚ್ಚುತ್ತದೆ?

ಒಂದು ಉದಾಹರಣೆ. ಎರಡು ಪಂಚಾಯ್ತಿಗಳಿಂದ ತಲಾ 10 ಲಕ್ಷ ಕಂತು ಸಂದಿದೆ. ಮೊದಲನೆಯದಕ್ಕೆ 16 ಲಕ್ಷ ಪರಿಹಾರ, ಎರಡನೆಯದಕ್ಕೆ ಸೊನ್ನೆ. ಒಟ್ಟು ಲೆಕ್ಕದಲ್ಲಿ ಶೇ 80 ಪಾವತಿ. ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಆದರೆ ಎರಡನೆಯ ಪಂಚಾಯ್ತಿಯಲ್ಲಿ ಮಳೆ ಮಿತಿ ದಾಟಲಿಲ್ಲವೇ, ಅಥವಾ ಮಾಪಕವೇ ಕೆಟ್ಟಿತ್ತೇ? ಮೊದಲನೆಯದಾದರೆ ನಿಯಮದಂತೆ ಸರಿ. ಎರಡನೆಯದಾದರೆ ರೈತರಿಗೆ ಅನ್ಯಾಯ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುವ ಈ ಸೀಮೆಯಲ್ಲಿ ಜಿಲ್ಲೆಯ ಸರಾಸರಿ ಯಾರ ತೋಟದ ಕಥೆಯನ್ನೂ ಹೇಳುವುದಿಲ್ಲ.

ಉಪಯುಕ್ತ ವರದಿ ಹೇಗಿರಬೇಕು?

ಕಂಪನಿಯ ಅಧಿಕಾರಿಗಳ ಮೇಜಿಗೆ ಬರುವ ವರದಿಯಲ್ಲಿ ಪಂಚಾಯ್ತಿವಾರು ಇವು ಇರಬೇಕೆಂದು ನಾವು ಭಾವಿಸುತ್ತೇವೆ:

• ವಿಮೆಯಾದ ವಿಸ್ತೀರ್ಣ, ಸಂದ ಕಂತು
• ಮಾಪಕದಿಂದ ಮಾಹಿತಿ ಬಾರದ ದಿನಗಳು
• ಆ ದಿನಗಳಿಗೆ ಬಳಸಿದ ಬದಲಿ ಮಾಪಕ ಯಾವುದು
• ಮಳೆ ಮಿತಿ ದಾಟಿದ ದಿನಗಳು
• ಕೊಟ್ಟ ಪರಿಹಾರ, ಬಾಕಿ ಪರಿಹಾರ, ಬಾಕಿ ಎಷ್ಟು ದಿನದಿಂದ

ಇಂಥ ವರದಿ ಮಳೆಗಾಲದಲ್ಲೇ ವಾರವಾರ ಬಂದರೆ ಕೆಟ್ಟ ಮಾಪಕ ಆಗಲೇ ರಿಪೇರಿಯಾಗುತ್ತದೆ. ವರ್ಷದ ಕೊನೆಗೆ ಬಂದರೆ ಜಗಳಕ್ಕಷ್ಟೇ ಉಪಯೋಗ.

ನಮ್ಮ ತೀರ್ಮಾನ

ಫಾರ್ವರ್ಡ್‌ನ ಅಂಕಿಗಳು ನಿಜವಿದ್ದರೂ ಅಷ್ಟರಿಂದಲೇ ಮೋಸವೂ ಸಾಬೀತಾಗದು, ನ್ಯಾಯವೂ ಸಾಬೀತಾಗದು. ಕಂತಿನ ರಸೀದಿ ಜೋಪಾನ ಮಾಡಿ, ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ನಿಮ್ಮ ಅರ್ಜಿಯ ಸ್ಥಿತಿ ನೋಡಿ. ಪರಿಹಾರ ಬಾರದಿದ್ದರೆ ತೋಟಗಾರಿಕೆ ಇಲಾಖೆಯಲ್ಲಿ ಲಿಖಿತವಾಗಿ ಕೇಳಿ: ನಮ್ಮ ಪಂಚಾಯ್ತಿಯ ಮಾಪಕ ಎಷ್ಟು ದಿನ ಕೆಲಸ ಮಾಡಿಲ್ಲ?